ಮಾವನ ಗಡ್ಡವೂ ಮೂರು ಪಟ್ಟಿ ಉಕ್ಕೂ

ವೇಲಚೇರಿಯ ಮೂರನೇ ಮಹಡಿಯ ಮನೆಯೊಂದರಲ್ಲಿ ವಾಸವಾಗಿರುವ ವಿಷ್ಣುಮೂರ್ತಿಯವರು ತಮ್ಮ ಐವತ್ತಮೂರು ವರ್ಷಗಳ ಆಯುಷ್ಯದಲ್ಲಿ ಒಂದು ಕುರ್ಚಿಯ ಮೇಲೆ ಒಂದೇ ಸಮನೆ ಹತ್ತು ನಿಮಿಷ ಕೂತದ್ದಕ್ಕೆ ದಾಖಲೆ ಇಲ್ಲ. ಕೂತರೆ ಬಲಗಾಲು ಅಲ್ಲಾಡುತ್ತದೆ. ಬಲಗಾಲನ್ನು ಗದರಿಸಿ ನಿಲ್ಲಿಸಿದರೆ ಎಡಗಾಲು ವಹಿಸಿಕೊಳ್ಳುತ್ತದೆ. ಸಿನಿಮಾಕ್ಕೆ ಹೋದರೆ ಮಧ್ಯಂತರಕ್ಕೂ ಮೊದಲು ಅವರದೇ ಎರಡು ಮಧ್ಯಂತರಗಳಾಗಿರುತ್ತವೆ. ತಮ್ಮ ಮದುವೆಯಲ್ಲಿ ಮೂರನೇ ಗಂಟು ಬಿದ್ದ ಕೂಡಲೇ ಎದ್ದು ಚಪ್ಪಲಿ ಹುಡುಕಲು ಹೊರಟರೆಂದು ಹೆಂಡತಿ ಅನಸೂಯ ಇಪ್ಪತ್ತಾರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅವರು ಈವರೆಗೆ ಅಲ್ಲಗಳೆದಿಲ್ಲ.

ಇಂಥವರಿಗೆ ದೇವರು ಹೊಂದುವ ನೌಕರಿಯನ್ನೇ ಕೊಟ್ಟಿದ್ದ. ಎಗ್ಮೋರಿನ ವಿಮಾ ಕಚೇರಿಯಲ್ಲಿ ಬೆಂಕಿ ಅನಾಹುತದ ಕ್ಲೇಮುಗಳನ್ನು ನೋಡುವುದು. ಎಲ್ಲಾದರೂ ಗೋದಾಮು ಸುಟ್ಟಿತೆಂದರೆ ಬೈಕು ಹತ್ತಿ ಹೊರಡಬಹುದು, ಬೂದಿ ಕೆದಕಬಹುದು, ಮೂರು ಪುಟದ ವರದಿ ಬರೆಯಬಹುದು. ಸುಡದ ದಿನಗಳು ಕಷ್ಟ. ಆ ದಿನಗಳಿಗಾಗಿಯೇ ವಿಷ್ಣುಮೂರ್ತಿಯವರು ಹವ್ಯಾಸಗಳನ್ನು ಹಿಡಿದರು, ಮತ್ತು ಹಿಡಿದಷ್ಟೇ ವೇಗದಲ್ಲಿ ಬಿಟ್ಟರು. ಅವರ ಮನೆಯ ಅಟ್ಟವನ್ನು ಯುದ್ಧ ಮುಗಿದ ಕುರುಕ್ಷೇತ್ರವೆನ್ನಬಹುದು. ಕನ್ನಡಿ ಉಜ್ಜಿ ಮುಗಿಯದ ದೂರದರ್ಶಕ, ಸ್ವರದ ಮೆಟ್ಟಿಲು ಕೂರದ ವೀಣೆ, ಜೇನು ಬಾರದ ಜೇನುಪೆಟ್ಟಿಗೆ. ನಾಲ್ಕು ಬ್ರೆಡ್ಡು ಸುಟ್ಟು ಐದನೆಯದಕ್ಕೆ ವಿರಮಿಸಿದ ವಿದ್ಯುತ್ ಓವನ್ನು ಮಾತ್ರ ಅಟ್ಟಕ್ಕೇರದೆ ಅಡುಗೆಮನೆಯ ಮೂಲೆಯಲ್ಲಿ ಉಳಿದಿತ್ತು, ಅನಸೂಯ ಅದರ ಮೇಲೆ ಈರುಳ್ಳಿ ಬುಟ್ಟಿ ಇಡುತ್ತಿದ್ದರಿಂದ.

ಇದನ್ನೆಲ್ಲ ಅಣ್ಣಾ ನಗರದಿಂದ ಸಂತೋಷವಾಗಿ ಗಮನಿಸುತ್ತಿದ್ದವರು ಮಾವ ರಾಮದಾಸರು. ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಮನುಷ್ಯ. ಮೂರು ತಲೆಮಾರು ಮದ್ರಾಸಿನಲ್ಲೇ ಕಳೆದ ಕುಟುಂಬವಾದ್ದರಿಂದ ಅವರ ಕನ್ನಡ ಅರ್ಧದಾರಿಯಲ್ಲಿ ತಮಿಳಿನ ಗಾಡಿ ಹತ್ತಿ ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತಿತ್ತು. ಅಳಿಯನನ್ನು ಅವರು ಕರೆಯುತ್ತಿದ್ದುದೂ ‘ಮಾಪ್ಳೆ’ ಎಂದೇ.

“ಮಾಪ್ಳೆ, ನಿಮ್ಮದು ನಾನು ನೋಡದೇ ಇರೋ ತರದ ಗಾಡಿ,” ಎನ್ನುತ್ತಿದ್ದರು. “ಯಾವ ಸ್ಟೇಷನ್ನಲ್ಲೂ ನಿಲ್ಲಲ್ಲ, ಯಾವ ಊರಿಗೂ ಸೇರಲ್ಲ.”

ರಾಮದಾಸರ ಬಳಿ ಒಂದು ಕ್ಷೌರದ ಕತ್ತಿ ಇತ್ತು. ಮಡಚುವ ಕತ್ತಿ, ಕೊಂಬಿನ ಹಿಡಿ. ೧೯೬೮ರಲ್ಲಿ ಮೂರ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಮಾರ್ಕೆಟ್ಟು ಸುಟ್ಟುಹೋಗಿ ನಾಲ್ಕು ದಶಕವಾದರೂ ಕತ್ತಿ ಮಾತ್ರ ಪ್ರತಿ ಬೆಳಗ್ಗೆ ಅವರ ಗಲ್ಲದ ಮೇಲೆ ಓಡಾಡುತ್ತಿತ್ತು. ಎಗ್ಮೋರಿನಿಂದ ಮೀಟರ್ ಗೇಜ್ ಗಾಡಿಗಳು ಹೊರಡುತ್ತಿದ್ದ ಕಾಲದಲ್ಲಿ, ತಿಂಡಿವನಂಗೂ ವಿಳುಪ್ಪುರಂಗೂ ನಡುವೆ, ಗಾಡಿಯ ಬಾಲದಲ್ಲಿ ಕುಲುಕಾಡುವ ಗಾರ್ಡಿನ ಬ್ರೇಕ್ ವ್ಯಾನಿನಲ್ಲಿ ಒಂದು ಗೀರೂ ಇಲ್ಲದೆ ಗಡ್ಡ ತೆಗೆಯುತ್ತಿದ್ದ ವೀರರು ಅವರು. ಪರಶುರಾಮರಿಗೆ ಕೊಡಲಿ ಹೇಗೋ ರಾಮದಾಸರಿಗೆ ಆ ಕತ್ತಿ.

ಏಪ್ರಿಲಿನಲ್ಲಿ, ತಮಿಳರ ಹೊಸವರ್ಷದ ಊಟಕ್ಕೆ ಅಣ್ಣಾ ನಗರಕ್ಕೆ ಹೋದಾಗ, ರಾಮದಾಸರು ಕತ್ತಿ ಮೊಂಡಾಗಿದೆ, ಸಾಣೆಯವನನ್ನು ಹುಡುಕಬೇಕು ಎಂದರು. ಜೂನಿನಲ್ಲಿ ಅವರ ಎಂಬತ್ತರ ಶಾಂತಿ ಇತ್ತು. ಸಹಸ್ರ ಚಂದ್ರರನ್ನು ಕಂಡ ಮುಖ ನುಣ್ಣಗಿರಬೇಕಲ್ಲ. ಆಗ ವಿಷ್ಣುಮೂರ್ತಿಯವರ ಬಲಗಾಲು ಅಲ್ಲಾಡತೊಡಗಿತು.

“ಕೊಡಿ ಮಾವ, ನಾನು ಮಾಡಿಕೊಂಡು ಬರ್ತೀನಿ.”

“ರೀ, ಬೇಡ,” ಎಂದರು ಅನಸೂಯ.

“ವೇಣಾಂ ತಾತಾ,” ಎಂದಳು ಕಾಲೇಜಿಗೆ ಹೋಗುವ ಮಗಳು ವೀಕ್ಷಾ, ಪಾಯಸದ ಲೋಟದಿಂದ ತಲೆಯೆತ್ತದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಹೊರಡುತ್ತದೆ.

ಇಬ್ಬರು ಜ್ಞಾನಿಗಳ ಎಚ್ಚರಿಕೆಯನ್ನೂ ಮೀರಿ ರಾಮದಾಸರು ಕತ್ತಿ ಕೊಟ್ಟರು. ಎಂಬತ್ತು ವರ್ಷದಲ್ಲಿ ಅವರು ಕೊಟ್ಟ ಏಕೈಕ ತಪ್ಪು ಸಿಗ್ನಲ್ ಅದು.

ಸಾಣೆಕಲ್ಲಿನ ಮೇಲೆ ನಿಧಾನವಾಗಿ ಉಜ್ಜಿದರೆ ಎರಡು ಗಂಟೆಯ ಕೆಲಸ. ವಿಷ್ಣುಮೂರ್ತಿಯವರ ಬಳಿ ವಿದ್ಯುತ್ ಚಕ್ರದ ಗ್ರೈಂಡರ್ ಇತ್ತು, ದೂರದರ್ಶಕದ ಕಾಲದ್ದು. ಗುಂಡಿ ಒತ್ತಿದರು. ಕಿಡಿ ಹಾರಿತು. ಕತ್ತಿಯ ಬಾಯಿಯುದ್ದಕ್ಕೂ ಒಂದು ಬಣ್ಣ ಓಡಿತು. ಮೊದಲು ತಿಳಿಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನವಿಲುಕೊರಳಿನ ನೀಲಿ. ಎಷ್ಟು ಚೆಂದವಿತ್ತೆಂದರೆ ಅವರು ಫೋಟೊ ತೆಗೆದು ಅಂಬತ್ತೂರಿನ ಚನ್ನವೀರಪ್ಪನವರಿಗೆ ಕಳಿಸಿದರು. ಉಕ್ಕು ಕಾಯಿಸಿ ಗಟ್ಟಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಂದ ಮನುಷ್ಯ. ಗದಗಿನ ಕಡೆಯವರು. ಹಿಂದೊಮ್ಮೆ ಆ ಕಾರ್ಖಾನೆಯ ಗೋದಾಮಿಗೆ ಬೆಂಕಿ ಬಿದ್ದಾಗ ಆದ ಪರಿಚಯ. ಫೋಟೊಕ್ಕೆ ಉತ್ತರವಾಗಿ ಕೈಮುಗಿದ ಚಿತ್ರವೊಂದು ಬಂತು. ಸಾವಿನ ಸುದ್ದಿಗೆ ಹಾಕುತ್ತಾರಲ್ಲ, ಅದು.

ಮರುದಿನ ವಿಷ್ಣುಮೂರ್ತಿಯವರು ಅಂಬತ್ತೂರಿನಲ್ಲಿದ್ದರು.

“ಏನ್ ಮಾಡೀರಿ ಸರ ಇದನ್ನ?” ಚನ್ನವೀರಪ್ಪ ಕತ್ತಿಯನ್ನು ಬೆಳಕಿಗೆ ಹಿಡಿದು ಕೇಳಿದರು.

“ಸ್ವಲ್ಪ ಸಾಣೆ ಹಿಡಿದೆ.”

“ಸಾಣಿ ಅಲ್ಲರಿ, ಅಗ್ನಿಸಂಸ್ಕಾರ ಮಾಡೀರಿ. ನೀಲಿ ಬಂತಂದ್ರ ಉಕ್ಕಿನ ಹದಾ ಹೋತು. ಇನ್ನ ಇದು ಬ್ರೆಡ್ಡಿಗೆ ಬೆಣ್ಣಿ ಹಚ್ಚಾಕ ಬರತೈತಿ. ಗಡ್ಡ ತಗ್ಯಾಕ ಬರಂಗಿಲ್ಲ.”

“ಮತ್ತೆ ಕಾಯಿಸಿ ಹದ ಮಾಡೋಕೆ ಆಗಲ್ವೇ?”

“ಬಾಯಿ ಕಾಗದದಷ್ಟ ತೆಳ್ಳಗೈತಿ. ಎಣ್ಣ್ಯಾಗ ಹಾಕಿದ್ರ ಹಪ್ಪಳದಂಗ ಮುದುಡತೈತಿ. ಹೊಸಾದ ಮಾಡಬೇಕ್ರಿ.”

“ನಿಮ್ಮ ಫರ್ನೇಸಿನಲ್ಲೇ ಒಂದು...”

“ನಮ್ಮ ಫರ್ನೇಸಿನ್ಯಾಗ ಒಮ್ಮೆಲೆ ಮುನ್ನೂರು ಕಿಲೋ ಲಾರಿ ಗೇರು ಹೋಗತಾವ. ನಿಮ್ಮ ಕತ್ತಿ ಹಾಕಿದ್ರ ಸಾರಿನ ಕೊಪ್ಪರಿಗ್ಯಾಗ ಸಾಸಿವಿ ಕಾಳ ಹುಡಿಕಿದಂಗ. ಕೆಡಿಸಿದವರು ನೀವು, ಮಾಡವರೂ ನೀವ ಆಗ್ರಿ.” ಒಳಗೆ ಹೋಗಿ ಗೇಣುದ್ದದ ಮೂರು ಪಟ್ಟಿ ಉಕ್ಕು ತಂದಿಟ್ಟರು. “ಒಂದು ಕಲಿಯಾಕ, ಒಂದು ಕೆಡಸಾಕ, ಒಂದು ಮಾಡಾಕ. ನಾಲ್ಕನೇದು ಕೇಳಾಕ ಬರಬ್ಯಾಡ್ರಿ.”

ಆಮೇಲೆ ಉಪದೇಶವಾಯಿತು. ಅರದಿಂದ ಉಜ್ಜಿ ಆಕಾರ ಕೊಡಬೇಕು, ಆದರೆ ಬಾಯಿಯನ್ನು ಇನ್ನೂ ದಪ್ಪವಾಗಿಯೇ ಬಿಡಬೇಕು. ಕೆಂಪಗೆ ಕಾಯಿಸಬೇಕು, ಆಯಸ್ಕಾಂತ ಅಂಟುವುದನ್ನು ನಿಲ್ಲಿಸುವವರೆಗೆ, ಅದರ ಮೇಲೆ ಒಂದೇ ಒಂದು ಛಾಯೆ ಹೆಚ್ಚು. ಉಗುರುಬೆಚ್ಚಗಿನ ಎಣ್ಣೆಯಲ್ಲಿ ನೆಟ್ಟಗೆ ಅದ್ದಬೇಕು. ಆಗ ಉಕ್ಕು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಸಿಡುಕು. ಆಮೇಲೆ ಸಣ್ಣ ಶಾಖದಲ್ಲಿ ಎರಡು ಗಂಟೆ ಇಡಬೇಕು, ತಣಿಸಿ ಮತ್ತೆ ಎರಡು ಗಂಟೆ.

“ಮೊದ್ಲ ಅದಕ್ಕ ಸಿಟ್ಟ ಬರಸೋದು, ಆಮ್ಯಾಲ ಸಮಾಧಾನ ಮಾಡೋದು. ಸಿಟ್ಟಿಗೆ ಐದು ನಿಮಿಷ ಸಾಕು. ಸಮಾಧಾನಕ್ಕ ನಾಲ್ಕು ತಾಸು.”

“ನಾಲ್ಕು ಗಂಟೆ ಸುಮ್ಮನೆ ಕೂರೋದೇ?” ವಿಷ್ಣುಮೂರ್ತಿಯವರ ಮುಖದ ಬಣ್ಣವೇ ಇಳಿಯಿತು.

“ಲಗ್ನ ಆದವರಿಗೆ ಇದು ಹೊಸಾದೇನಲ್ಲ ಬಿಡ್ರಿ. ಇನ್ನೊಂದು. ಎಣ್ಣ್ಯಾಗಿಂದ ತಗದ ಕೂಡ್ಲೇ ಓವನ್ನಿಗೆ ಹಾಕ್ರಿ. ನಡುವ ಚಾ ಕುಡಿಯಾಕ ಹೋಗಬ್ಯಾಡ್ರಿ.”

ವಿಷ್ಣುಮೂರ್ತಿಯವರು ನಕ್ಕುಬಿಟ್ಟರು. ಜಗತ್ತಿನಲ್ಲಿ ತಡಮಾಡಬೇಡ ಎಂಬ ಬುದ್ಧಿಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅತ್ತ ಅಣ್ಣಾ ನಗರದಲ್ಲಿ ಗಡ್ಡ ಬೆಳೆಯಲಾರಂಭಿಸಿತು. ಬೇರೆ ಕತ್ತಿಗೂ ತಮ್ಮ ಗಲ್ಲಕ್ಕೂ ಪರಿಚಯವಿಲ್ಲ ಎಂದು ರಾಮದಾಸರು ಹಟ ಹಿಡಿದು ಕೂತರು. ವಾರಕ್ಕೊಮ್ಮೆ ಫೋನು.

“ಮಾಪ್ಳೆ, ಎನ್ನ ಆಚ್ಚು ನಮ್ಮ ಕತ್ತಿ?”

“ಸಾಣೆಯವನ ಹತ್ತಿರ ಇದೆ ಮಾವ. ಒಳ್ಳೇ ಕೈ. ಆದರೆ ಊರಿಗೆ ಹೋಗಿದಾನೆ.”

ಮುಂದಿನ ವಾರ ಸಾಣೆಯವನ ತಂಗಿಗೆ ಮದುವೆಯಾಯಿತು. ಅದರ ಮುಂದಿನ ವಾರ ಅವನಿಗೆ ಕಾಮಾಲೆ. ಇಲ್ಲದ ಮನುಷ್ಯನೊಬ್ಬ ಮೂರೇ ವಾರದಲ್ಲಿ ಇಷ್ಟು ತಾಪತ್ರಯ ಪಟ್ಟದ್ದು ಬೇರೆಲ್ಲೂ ಇರಲಾರದು. “ಪಾರ್ಕಿನಲ್ಲಿ ಎಲ್ಲರೂ ನನ್ನನ್ನ ಸಾಮೀ ಸಾಮೀ ಅಂತಾರೆ, ಮಾಲೆ ಹಾಕಿದೀನಿ ಅಂದ್ಕೊಂಡು,” ಎಂದರು ರಾಮದಾಸರು. “ಅದು ಪರವಾಯಿಲ್ಲ. ಬಸುರಿ ಹೆಂಡ್ತಿ ಇದ್ದೋರು ಗಡ್ಡ ಬಿಡೋದು ನಮ್ಮ ಕಡೆ ಪದ್ಧತಿ. ನಿಮ್ಮ ಅತ್ತೆಗೆ ಎಪ್ಪತ್ನಾಲ್ಕು, ಮಾಪ್ಳೆ. ಜನ ಏನ್ ತಿಳ್ಕೋಬೇಕು?”

ವಿಷ್ಣುಮೂರ್ತಿಯವರು ಆ ಫೋನಿನ ನಂತರ ಎರಡು ಗಂಟೆ ಬಾಲ್ಕನಿಯಲ್ಲಿ ಅರ ಉಜ್ಜಿದರು. ಇಪ್ಪತ್ತಾರು ವರ್ಷಗಳಿಂದ ಮಾವ ಆಡಿದ್ದೆಲ್ಲ ತಮಾಷೆಯಾಗಿತ್ತು. ಕತ್ತಿಯ ಸತ್ಯ ಹೊರಬಿದ್ದರೆ ಅದೇ ಮಾತು ತೀರ್ಪಾಗುತ್ತದೆ. ನಿಲ್ಲದ, ಎಲ್ಲಿಗೂ ಸೇರದ ಗಾಡಿ. ಶಾಂತಿಯ ಬೆಳಗ್ಗೆ ಮಾವನ ಕೈಯಲ್ಲಿ ಕೆಲಸ ಮಾಡುವ ಕತ್ತಿಯೊಂದು ಇರಲೇಬೇಕು, ಅದೂ ತಾವು ಆದಿಯಿಂದ ಅಂತ್ಯದವರೆಗೆ ಮಾಡಿದ್ದು. ಹಾಗೆಂದು ಅವರು ದೇವರ ಮನೆಯಲ್ಲಿ ನಿಂತು ಪ್ರತಿಜ್ಞೆ ಮಾಡಿದರು. ಕೂತು ಮಾಡಲಾಗಲಿಲ್ಲ.

ಮೇ ತಿಂಗಳ ಕಡುಬೇಸಿಗೆ, ತಮಿಳರ ಅಗ್ನಿನಕ್ಷತ್ರ, ಬಂತು. ಮನೆಯೊಳಗೇ ಉಕ್ಕು ಕೆಂಪಾಗುವಂಥ ಸೆಕೆ. ವಿಷ್ಣುಮೂರ್ತಿಯವರು ತಾರಸಿಯ ಮೇಲೆ ನಾಲ್ಕು ಬೆಂಕಿ ಇಟ್ಟಿಗೆ ಜೋಡಿಸಿ, ಗ್ಯಾಸಿನ ಟಾರ್ಚ್ ಹಚ್ಚಿ, ಸ್ಟೀಲ್ ಪಾತ್ರೆಯಲ್ಲಿ ಎಳ್ಳೆಣ್ಣೆ ಬೆಚ್ಚಗೆ ಮಾಡಿಟ್ಟುಕೊಂಡು, ಸರಿಯಾಗಿ ಮಟಮಟ ಮಧ್ಯಾಹ್ನ ಮೊದಲನೇ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದರು. ಉಕ್ಕು ಕೆಂಪಾಗಲಿಲ್ಲ. ಇನ್ನಷ್ಟು ಕಾಯಿಸಿದರು. ಆಗಲೂ ಇಲ್ಲ. ಚೆನ್ನೈನ ಸೂರ್ಯನ ಮುಂದೆ ಕಾದ ಕಬ್ಬಿಣವೂ ಬೂದಿಯ ಬಣ್ಣದ್ದೇ ಎಂಬುದು ಅವರಿಗೆ ಹೊಳೆಯುವ ಹೊತ್ತಿಗೆ ಪಟ್ಟಿ ಕಿಡಿ ಉಗುಳಲು ಶುರುಮಾಡಿತ್ತು. ಗಾಬರಿಯಲ್ಲಿ ಎಣ್ಣೆಗೆ ಹಾಕಿದರು. ಭುಗಿಲೆಂದು ಎದ್ದ ಕಪ್ಪು ಹೊಗೆ, ಮೂರು ಮನೆಗಳವರು ವರ್ಷಕ್ಕಾಗುವಷ್ಟು ಒಣಹಾಕಿದ್ದ ಸಂಡಿಗೆ, ವಡಾಂಗಳ ಮೇಲೆ ನಿಧಾನವಾಗಿ, ಸಾವಧಾನವಾಗಿ ಇಳಿಯಿತು.

ಪಟ್ಟಿ ಮೊಳದ ಎತ್ತರದಿಂದ ಬಿದ್ದು ಎರಡು ತುಂಡಾಯಿತು. ತುಂಡನ್ನು ನೋಡಿ ಚನ್ನವೀರಪ್ಪ ಹೇಳಿದರು: “ಒಳಗ ನೋಡ್ರಿ, ಹರಳು ಹರಳು. ಉಕ್ಕು ಮಾಡ್ರಿ ಅಂದ್ರ ಕಲ್ಲಸಕ್ರಿ ಮಾಡೀರಿ. ನೆರಳಾಗ ಕಾಯಿಸಬೇಕ್ರಿ ಸರ. ಬಣ್ಣ ಕಾಣಬೇಕು.”

ಅನಸೂಯ ಮೂರು ಮನೆಗಳಿಗೂ ಹೋಗಿ ಬಂದು ಸಂಧಾನದ ಷರತ್ತು ತಿಳಿಸಿದರು. “ಸಂಡಿಗೆ ಎತ್ತಿದ ಮೇಲೆ, ಅಂದರೆ ನಾಲ್ಕು ಗಂಟೆಯ ಮೇಲೇ ನೀವು ತಾರಸಿಗೆ ಕಾಲಿಡಬೇಕು. ಅದೂ ಭಾನುವಾರ ಮಾತ್ರ. ಮತ್ತೆ, ಬೆಂಕಿ ಇನ್ಶೂರೆನ್ಸಿನವರೇ ಹೀಗೆ ಮಾಡಿದರೆ ಹೇಗೆ ಅಂತ ಕೇಳಿದರು.”

“ನೀನೇನಂದೆ?”

“ಅವರಿಗೇ ಪಾಲಿಸಿ ಇಲ್ಲ ಅಂದೆ.”

ಎರಡನೇ ಪಟ್ಟಿಗೆ ಅರ ಹಿಡಿದು ಎರಡು ವಾರ ಕಳೆಯಿತು. ಮೇ ಕೊನೆಯ ಭಾನುವಾರ, ನಾಲ್ಕು ಹೊಡೆದದ್ದೇ ತಡ, ವಿಷ್ಣುಮೂರ್ತಿಯವರು ಒಂದು ಕಪ್ಪು ಛತ್ರಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿ, ಅದರ ಸುತ್ತ ಹಳೆಯ ಕಂಬಳಿ ಇಳಿಬಿಟ್ಟು, ಒಳಗೆ ಕುಕ್ಕರಗಾಲಲ್ಲಿ ಕೂತರು. ಆ ಕತ್ತಲೆಯಲ್ಲಿ ಉಕ್ಕು ತನ್ನ ನಿಜರೂಪ ತೋರಿಸಿತು. ಮೊದಲು ಒಣಮೆಣಸಿನಕಾಯಿಯ ಕಡುಗೆಂಪು, ಆಮೇಲೆ ದಾಳಿಂಬೆ. ವೀಕ್ಷಾಳ ಕೆಟ್ಟ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಹಿಡಿದರೆ ಅದು ಅಂಟಲಿಲ್ಲ. ಒಂದು ಛಾಯೆ ಹೆಚ್ಚು. ನೆಟ್ಟಗೆ ಎಣ್ಣೆಗೆ. ಸುಯ್ ಎಂದು ಸದ್ದು, ದೋಸೆಯ ಕಾವಲಿಗಿಂತ ಮೆತ್ತಗೆ. ಹೊರತೆಗೆದು ಒರೆಸಿ ಅರದಿಂದ ಗೀರಿ ನೋಡಿದರೆ ಅರವೇ ಜಾರಿತು, ಗಾಜಿನ ಮೇಲೆ ಜಾರಿದಂತೆ. ಗಟ್ಟಿಯಾಗಿತ್ತು!

ಕತ್ತಿಯನ್ನು ಹರಿವಾಣದಲ್ಲಿಟ್ಟುಕೊಂಡು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಅಡುಗೆಮನೆಗೆ ನುಗ್ಗಿ, ಓವನ್ನಿನ ಗುಂಡಿಗೆ ಕೈಹಾಕಿದಾಗ ಗೋಡೆ ಗಡಿಯಾರ ನಾಲ್ಕೂವರೆ ತೋರಿಸಿತು.

ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ.

ಕೈ ಹಿಂದಕ್ಕೆ ಬಂತು. ವಿಷ್ಣುಮೂರ್ತಿಯವರು ಬೇರೆ ವಿಷಯಗಳಲ್ಲಿ ಹೇಗೇ ಇರಲಿ, ರಾಹುಕಾಲದಲ್ಲಿ ಹೊಸ ಕೆಲಸ ಮುಟ್ಟಬಾರದೆಂದು ತಾಯಿ ಹಾಕಿಕೊಟ್ಟ ಗೆರೆಯನ್ನು ಬೈಕಿಗೆ ಪೆಟ್ರೋಲು ಹಾಕಿಸುವಾಗಲೂ ದಾಟಿದವರಲ್ಲ. ದಾಟಿದ್ದು ಹವ್ಯಾಸಗಳಲ್ಲಿ ಮಾತ್ರ. ಕೈಗೆ ಬಂದ ಗಳಿಗೆಯೇ ಮುಹೂರ್ತ ಎಂದು ಶುರುಮಾಡಿದ್ದು, ದೂರದರ್ಶಕವೇನು, ವೀಣೆಯೇನು. ಎಲ್ಲ ಅರ್ಧಕ್ಕೆ ನಿಂತದ್ದು ಅದಕ್ಕೇ ಇರಬೇಕು! ಇದೊಂದು ಮುಗಿಯಬೇಕಾದರೆ ಇದೊಂದಕ್ಕೆ ಕಾಯಬೇಕು. ಕಾಯುತ್ತೇನೆ.

ಮತ್ತು ಅವರು ಕಾದರು. ಊಟದ ಮೇಜಿನ ಮುಂದೆ, ಹರಿವಾಣದೆದುರು, ಕೈಕಟ್ಟಿ ಕೂತು ಕಾದರು. ಅನಸೂಯ ಬಂದು ಹಣೆ ಮುಟ್ಟಿ ನೋಡಿ ಹೋದರು. ವೀಕ್ಷಾ ಫೋಟೊ ತೆಗೆದಳು. ಎರಡೂ ಕಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರದಂತೆ ಓಡುತ್ತಿದ್ದವು, ಆದರೆ ಮನುಷ್ಯ ಏಳಲಿಲ್ಲ. ಐದೂ ನಲವತ್ತಕ್ಕೆ, ಯಾರೂ ಮುಟ್ಟದೆ, ಗಾಳಿಯೂ ಇಲ್ಲದ ಹೊತ್ತಿನಲ್ಲಿ, ಹರಿವಾಣದಿಂದ ಒಂದು ಸದ್ದು ಬಂತು.

ಟಿಕ್.

ಬೆನ್ನಿನಿಂದ ಬಾಯಿಯವರೆಗೆ, ಕೂದಲೆಳೆಯಷ್ಟು ಸಣ್ಣ ಬಿರುಕು.

“ಚಾ ಕುಡಿಯಾಕ ಹೋಗಬ್ಯಾಡ್ರಿ ಅಂದಿದ್ನಿ,” ಎಂದರು ಚನ್ನವೀರಪ್ಪ ಫೋನಿನಲ್ಲಿ.

“ಚಹಾ ಕುಡಿಯಲಿಲ್ಲ. ರಾಹುಕಾಲ ಇತ್ತು.”

“ಸಿಟ್ಟಿಗೆದ್ದವರನ್ನ ಒಂದು ತಾಸಿನ ಮ್ಯಾಲ ಎದುರಿಗೆ ಕೂಡಿಸ್ಕೊಂಡು ನೋಡಕೋಂತ ಕೂತ್ರ ಏನಾಕ್ಕೈತ್ರಿ ಸರ? ಒಡೀತಾರ.”

ಜನ್ಮದಲ್ಲಿ ಒಮ್ಮೆ ತಾಳ್ಮೆ ತೋರಿದ್ದಕ್ಕೆ ಸಿಕ್ಕ ಫಲವಿದು. ವಿಷ್ಣುಮೂರ್ತಿಯವರು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಕಚೇರಿಯಲ್ಲಿ ಫೈಲು ಮುಟ್ಟಲಿಲ್ಲ. ಮೂರನೇ ಪಟ್ಟಿಯನ್ನು ಅಟ್ಟಕ್ಕೆ ಎಸೆದು ಬರುವುದೆಂದು ಮೂರು ಸಲ ಏಣಿ ಹತ್ತಿದರು. ಮೂರನೇ ಸಲ, ಏಣಿಯ ತುದಿಯಲ್ಲಿ, ಮೆಟ್ಟಿಲಿಲ್ಲದ ವೀಣೆ ಅವರನ್ನೇ ನೋಡುತ್ತ ಮಲಗಿತ್ತು. ನೆಂಟರು ಬಂದರೆನ್ನುವ ಮುಖ. ಇಳಿದು ಬಂದು ಅರ ಕೈಗೆತ್ತಿಕೊಂಡರು.

ಕೊನೆಯ ಪಟ್ಟಿ. ಶಾಂತಿಗೆ ಎಂಟು ದಿನ. ಮತ್ತೆ ಭಾನುವಾರ, ಮತ್ತೆ ನಾಲ್ಕು ಗಂಟೆ, ಛತ್ರಿ, ಕಂಬಳಿ. ಈ ಸಲ ಅಪ್ಪಣೆ ಪಡೆದು ಮೂರೂಮುಕ್ಕಾಲಕ್ಕೇ ಹತ್ತಿ ಸಂಡಿಗೆ ಎತ್ತಲು ಸಹಾಯ ಮಾಡಿದರು, ಬೇಗ ಮುಗಿಯಲೆಂದು. ಒಬ್ಬ ಅಜ್ಜಿ ತಮ್ಮ ವಡಾಂ ಇನ್ನೂ ಹಸಿಯೆಂದು ಎದ್ದೇಳಲಿಲ್ಲ. ಅವರು ಎದ್ದಾಗ ನಾಲ್ಕೂ ಹತ್ತು. ಉಕ್ಕು ದಾಳಿಂಬೆಯಾಗುವ ಹೊತ್ತಿಗೆ ನಾಲ್ಕೂ ಇಪ್ಪತ್ತೆಂಟು. ಎಣ್ಣೆಯಲ್ಲಿ ಅದ್ದಿ, ಒರೆಸಿ, ಅರ ಜಾರುವುದನ್ನು ನೋಡಿ ಕಂಬಳಿ ಸರಿಸಿ ಹೊರಬಂದರೆ ಎದುರಿಗೆ ಕೋಲೂರಿಕೊಂಡು, ಎದೆಯವರೆಗಲ್ಲದಿದ್ದರೂ ಕೊರಳಿನವರೆಗೆ ಬಿಳಿಗಡ್ಡ ಇಳಿಬಿಟ್ಟ ಋಷಿಯೊಬ್ಬರು ನಿಂತಿದ್ದರು.

“ಮೆಟ್ರೋ ಹಿಡಿದು, ಬಸ್ ಹಿಡಿದು ಬಂದೆ ಮಾಪ್ಳೆ,” ಎಂದರು ರಾಮದಾಸರು. “ಸಾಣೆಯವನ ಅಡ್ರೆಸ್ ಕೊಡಿ. ಕಾಮಾಲೆ ಇದ್ದರೂ ಸರಿ, ನಾನೇ ಹೋಗಿ ನೋಡ್ತೀನಿ.” ಆಮೇಲೆ ಛತ್ರಿ, ಕಂಬಳಿ, ಟಾರ್ಚು, ಮಸಿ ಬಳಿದ ಅಳಿಯ, ಇಕ್ಕಳದ ತುದಿಯ ಕತ್ತಿ, ಎಲ್ಲವನ್ನೂ ಒಂದು ಸುತ್ತು ನೋಡಿದರು. “ಇದೇನು?”

ವಿಷ್ಣುಮೂರ್ತಿಯವರು ಬಾಯಿ ತೆರೆದರು. ಸಾಣೆಯವನಿಗೆ ಕಟ್ಟಲು ಇನ್ನೊಂದು ರೋಗ ಹುಡುಕಿದರು. ಸಿಗಲಿಲ್ಲ.

“ಸಾಣೆಯವನು ಇಲ್ಲ ಮಾವ. ನಾನೇ ಗ್ರೈಂಡರಿಗೆ ಹಿಡಿದು ನಿಮ್ಮ ಕತ್ತಿ ಹಾಳು ಮಾಡಿದೆ. ಎರಡು ತಿಂಗಳಾಯ್ತು. ಇದು ಹೊಸದು. ಎರಡು ಒಡೆದುಹೋಯ್ತು, ಇದು ಮೂರನೇದು, ಕೊನೇದು. ಈಗಲೇ ಓವನ್ನಿಗೆ ಹಾಕಬೇಕು, ಇಲ್ಲದಿದ್ದರೆ ಇದೂ ಒಡೆಯುತ್ತೆ. ಆದರೆ ನಾಲ್ಕೂವರೆ ಆಯ್ತು, ರಾಹುಕಾಲ...”

ರಾಮದಾಸರ ಗಡ್ಡದೊಳಗೆ ಏನಾಗುತ್ತಿದೆಯೆಂದು ತಿಳಿಯುವಂತಿರಲಿಲ್ಲ. ಕತ್ತಿ ಕೆಟ್ಟ ಸುದ್ದಿ ಒಳಗಿಳಿಯಲು ಅವರು ಒಂದು ನಿಮಿಷ ತೆಗೆದುಕೊಂಡರು. ೧೯೬೮ರಿಂದ ಇಂದಿನವರೆಗೆ ಬರಬೇಕಾದ್ದರಿಂದ ಅದು ಹೆಚ್ಚೇನಲ್ಲ.

“ಮೂವತ್ತೆಂಟು ವರ್ಷ,” ಎಂದರು ಕೊನೆಗೆ. “ಪ್ರತಿದಿನ ರಾಹುಕಾಲದಲ್ಲಿ, ಯಮಗಂಡದಲ್ಲಿ, ಅಮಾವಾಸ್ಯೆಯಲ್ಲಿ ಹಸಿರು ಬಾವುಟ ಆಡಿಸಿದೀನಿ. ಒಂದು ಗಾಡಿಯಾದರೂ ವಿಳುಪ್ಪುರಂ ಸೇರದೆ ಇತ್ತಾ? ಟೈಮ್ ಆದರೆ ಹೊರಡಬೇಕು ಮಾಪ್ಳೆ, ಅಷ್ಟೇ ತಾನೆ! ನಡೀರಿ ಬೇಗ, ಸೀಕ್ರಂ!”

ಮಾವ ಮುಂದೆ, ಕತ್ತಿ ನಡುವೆ, ಅಳಿಯ ಹಿಂದೆ, ಮೆರವಣಿಗೆ ಅಡುಗೆಮನೆಗೆ ಇಳಿಯಿತು. ಅನಸೂಯ ಈರುಳ್ಳಿ ಬುಟ್ಟಿ ಎತ್ತಿದರು. ವಿಷ್ಣುಮೂರ್ತಿಯವರು ಗುಂಡಿಯನ್ನು ಇನ್ನೂರಕ್ಕೆ ತಿರುಗಿಸಿದರು. ಅನಸೂಯ ಕೈ ಹಿಡಿದು ನೂರೆಂಬತ್ತಕ್ಕೆ ಇಳಿಸಿದರು.

“ಇದು ಇಪ್ಪತ್ತು ಡಿಗ್ರಿ ಸುಳ್ಳು ಹೇಳುತ್ತೆ. ನಿಮ್ಮ ಬ್ರೆಡ್ಡೆಲ್ಲ ಯಾಕೆ ಸುಡ್ತು ಅಂದುಕೊಂಡಿದ್ರಿ?”

“ಹೇಳಬಾರದಾಗಿತ್ತೇ?”

“ಐದನೇ ಬ್ರೆಡ್ಡಿಗೆ ಹೇಳೋಣ ಅಂತಿದ್ದೆ. ನೀವು ಮಾಡಲೇ ಇಲ್ಲ.”

ರಾಮದಾಸರು ಓವನ್ನಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಜೇಬಿನಿಂದ ರೈಲ್ವೆಯ ಹಳೆಯ ಗಡಿಯಾರ ತೆಗೆದು ತೊಡೆಯ ಮೇಲಿಟ್ಟರು. ಪಕ್ಕದ ಕುರ್ಚಿ ತೋರಿಸಿದರು. ವಿಷ್ಣುಮೂರ್ತಿಯವರು ಕೂತರು. ಹತ್ತು ನಿಮಿಷಕ್ಕೆ ಎದ್ದರು.

“ಎಲ್ಲಿಗೆ?”

“ಒಂದು ಸಲ ಬಾಗಿಲು ತೆಗೆದು ನೋಡ್ತೀನಿ ಮಾವ, ಬಣ್ಣ ಬಂತೋ ಅಂತ.”

“ಸಿಗ್ನಲ್ ಬಿದ್ದಿಲ್ಲ. ಕೂತ್ಕೊಳ್ಳಿ.”

ಇಪ್ಪತ್ತನೇ ನಿಮಿಷಕ್ಕೆ ನೀರು ಕುಡಿಯಲು ಎದ್ದರು, ವೀಕ್ಷಾ ನೀರು ತಂದುಕೊಟ್ಟಳು. ನಲವತ್ತಕ್ಕೆ ಫೋನು ಬಂದಂತಾಯಿತು, ಬಂದಿರಲಿಲ್ಲ. ಐವತ್ತಕ್ಕೆ ಬಲಗಾಲು, ಐವತ್ತೈದಕ್ಕೆ ಎಡಗಾಲು. ರಾಮದಾಸರು ತಮ್ಮ ಕೋಲನ್ನು ಅಡ್ಡಲಾಗಿ ಎರಡೂ ಮೊಣಕಾಲುಗಳ ಮೇಲಿಟ್ಟರು, ಲೆವೆಲ್ ಕ್ರಾಸಿಂಗಿನ ಗೇಟು ಇಳಿಸಿದಂತೆ. ಒಂದು ಗಂಟೆಯ ಮೇಲೆ ಇನ್ನೇನೂ ದಾರಿ ಕಾಣದೆ ವಿಷ್ಣುಮೂರ್ತಿಯವರು ಕೇಳಿದರು:

“ಬ್ರೇಕ್ ವ್ಯಾನಿನಲ್ಲಿ ಏನು ಮಾಡ್ತಿದ್ರಿ ಮಾವ, ಅಷ್ಟು ಹೊತ್ತು ಒಬ್ಬರೇ?”

“ಏನೂ ಇಲ್ಲ,” ಎಂದರು ರಾಮದಾಸರು. “ಹಿಂದೆ ಹೋಗ್ತಾ ಇರೋ ಹಳಿ ನೋಡ್ತಿದ್ದೆ. ಮೊದಲ ಆರು ತಿಂಗಳು ಹುಚ್ಚು ಹಿಡಿಯೋ ಹಾಗಾಗ್ತಿತ್ತು. ಕಾಲು ನಿಲ್ತಾನೇ ಇರಲಿಲ್ಲ. ಅದಕ್ಕೇ ಕತ್ತಿ ಕೊಂಡಿದ್ದು. ಅದು ಕುತ್ತಿಗೆ ಮೇಲಿದ್ದರೆ ಅಲ್ಲಾಡೋಕಾಗಲ್ಲ ಪಾರುಂಗೊ.”

ವಿಷ್ಣುಮೂರ್ತಿಯವರು ಮಾವನ ಕಾಲನ್ನೇ ನೋಡಿದರು. ಅಲ್ಲಾಡುತ್ತಿರಲಿಲ್ಲ. ಆದರೆ ಅದರ ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿತ್ತು.

ಎರಡು ಗಂಟೆ, ತಣಿಯಲು ಒಂದಿಷ್ಟು, ಮತ್ತೆ ಎರಡು ಗಂಟೆ. ನಡುವೆ ಅನಸೂಯ ಉಪ್ಪಿಟ್ಟು ಕೊಟ್ಟರು, ಅಲ್ಲೇ ತಿಂದರು. ಒಂಬತ್ತೂವರೆಗೆ ರಾಮದಾಸರು ಹೆಗಲ ಟವೆಲ್ಲನ್ನು ಒಮ್ಮೆ ಬೀಸಿದರು. ವಿಷ್ಣುಮೂರ್ತಿಯವರು ಬಾಗಿಲು ತೆರೆದರು. ಉಜ್ಜಿ ಹೊಳಪು ಮಾಡಿದ್ದ ಜಾಗದಲ್ಲಿ ಉಕ್ಕಿನ ಮೇಲೆ ಬಣ್ಣವೊಂದು ಕೂತಿತ್ತು. ಅನಸೂಯ ಬಗ್ಗಿ ನೋಡಿ, “ಈಗ ಕಾಸಿದ ತುಪ್ಪ,” ಎಂದರು. “ಇನ್ನೊಂದು ಚೂರು ಆಗಿದ್ದರೆ ಸೀದಿರೋ ವಾಸನೆ ಬರ್ತಿತ್ತು.” ಚನ್ನವೀರಪ್ಪನವರಿಗೆ ಫೋಟೊ ಹೋಯಿತು. ಅವರು ಈ ಸಲ ಏನನ್ನೂ ಕಳಿಸದೆ ಸ್ವತಃ ಫೋನು ಮಾಡಿ, “ಇನ್ನ ಚಕ್ರಕ್ಕ ಹಿಡದೀರಿ ಮತ್ತ!” ಎಂದು ಬೈದು ಇಟ್ಟರು.

ಹಿಡಿಯಲಿಲ್ಲ. ಆ ಇಡೀ ವಾರ ವಿಷ್ಣುಮೂರ್ತಿಯವರು ಕಚೇರಿಗೆ ರಜೆ ಹಾಕಿ ಒದ್ದೆ ಕಲ್ಲಿನ ಮೇಲೆ ಕೈಯಿಂದಲೇ ಉಜ್ಜಿದರು, ನಾಲ್ಕು ಎಳೆತಕ್ಕೊಮ್ಮೆ ನೀರಿಗೆ ಅದ್ದುತ್ತ. ಮನೆಯೆಲ್ಲ ಕೆಸರು. ಸಮುದ್ರದ ಗಾಳಿಗೆ ರಾತ್ರಿ ಕಳೆಯುವುದರೊಳಗೆ ತುಕ್ಕು ಮೂಡುತ್ತದೆಂದು ಮಲಗುವ ಮೊದಲು ಕೂಸಿಗೆ ಹಚ್ಚುವಂತೆ ಎಣ್ಣೆ ಹಚ್ಚಿದರು. ಹಳೆಯ ಕತ್ತಿಯ ಕೊಂಬಿನ ಹಿಡಿಯನ್ನು ಬಿಡಿಸಿ ಇದಕ್ಕೆ ಕೂರಿಸಿದರು. ಒಮ್ಮೆಯೂ ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬುಧವಾರ ಎರಡು ಸಲ ಏಣಿಯವರೆಗೆ ಹೋಗಿದ್ದರು.

ಶಾಂತಿಯ ದಿನ ಸೋಮವಾರ. ಬೆಳಗ್ಗೆ ಆರಕ್ಕೆ ಅಣ್ಣಾ ನಗರದ ಮನೆಯ ಹಿತ್ತಲ ಬಾಗಿಲಲ್ಲಿ, ಕನ್ನಡಿ, ನೊರೆಯ ಬಟ್ಟಲು, ಕುರ್ಚಿ ಅಣಿಯಾಗಿದ್ದವು. ಒಳಗೆ ಪುರೋಹಿತರು ಕಲಶ ಜೋಡಿಸುತ್ತಿದ್ದರು. ರಾಮದಾಸರು ಕತ್ತಿಯನ್ನು ಬಿಚ್ಚಿದರು. ಹಿಡಿಯ ಮೇಲೆ ಹೆಬ್ಬೆರಳು ತನ್ನ ಹಳೆಯ ಜಾಗವನ್ನು ತಾನೇ ಹುಡುಕಿಕೊಂಡಿತು. ಯೂನಿಫಾರ್ಮಿನ ಚರ್ಮದ ಬೆಲ್ಟನ್ನು ಕಿಟಕಿಗೆ ಸಿಕ್ಕಿಸಿ, ಮೇಲಕ್ಕೂ ಕೆಳಕ್ಕೂ ಇಪ್ಪತ್ತು ಸಲ ಎಳೆದರು. ಆಮೇಲೆ ಅಳಿಯನ ಕಡೆ ತಿರುಗಿದರು.

“ಕೂತ್ಕೊಳ್ಳಿ ಮಾಪ್ಳೆ.”

“ನಾನೇ?”

“ಹೊಸ ಗಾಡಿ. ಬ್ರೇಕ್ ಟೆಸ್ಟ್ ಮಾಡದೆ ಗಾರ್ಡ್ ಹತ್ತಲ್ಲ.”

ವಿಷ್ಣುಮೂರ್ತಿಯವರು ಕೂತರು. ನೊರೆ ಬಂತು. ಎಂಬತ್ತು ವರ್ಷದ ಕೈ ಅವರ ಗಲ್ಲವನ್ನು ಎತ್ತಿ ಹಿಡಿಯಿತು, ಉಕ್ಕು ಕಿವಿಯ ಕೆಳಗೆ ತಣ್ಣಗೆ ಮುಟ್ಟಿತು. ಬಾಗಿಲ ಬಳಿ ನಿಂತಿದ್ದ ವೀಕ್ಷಾ ತಂದೆಯ ಕಾಲುಗಳನ್ನೇ ನೋಡುತ್ತಿದ್ದಳು. ಬಲಗಾಲು ನಿಂತಿತ್ತು. ಎಡಗಾಲೂ ನಿಂತಿತ್ತು. “ಅಮ್ಮಾ, ಇಂಗೆ ವಾ!” ಎಂದು ಪಿಸುಗುಟ್ಟಿದಳು, ಗ್ರಹಣ ತೋರಿಸಲು ಕರೆಯುವವರಂತೆ. ಕತ್ತಿ ಕಿವಿಯಿಂದ ಗಲ್ಲಕ್ಕೆ, ಗಲ್ಲದಿಂದ ಕೊರಳಿಗೆ, ರೇಷ್ಮೆ ಹರಿದಂಥ ಸಣ್ಣ ಸದ್ದು ಮಾಡುತ್ತ ಇಳಿಯಿತು. ಒಂದು ಹನಿ ರಕ್ತವಿಲ್ಲ.

ಬಲಗೆನ್ನೆ ಮುಗಿದಾಗ ರಾಮದಾಸರು ಅದರ ಮೇಲೆ ಬೆರಳ ಹಿಂಬದಿ ಎಳೆದು ನೋಡಿದರು. “ಓಡತ್ತೆ,” ಎಂದರು. ಆಮೇಲೆ ಅಳಿಯನನ್ನು ಎಬ್ಬಿಸಿ, ತಾವು ಕೂತು, ಎರಡು ತಿಂಗಳ ಋಷಿತ್ವವನ್ನು ಅನಸೂಯ ಕತ್ತರಿಯಿಂದ ಮೋಟು ಮಾಡಿದ ಮೇಲೆ, ಕನ್ನಡಿ ನೋಡಿಕೊಂಡು ಸ್ವಹಸ್ತದಿಂದ ತೆಗೆಯಲಾರಂಭಿಸಿದರು. ನಡುವೆ ಒಮ್ಮೆ ಕತ್ತಿ ಎಳೆಯಿತೆಂದು ಮುಖ ಹಿಂಡಿದರು. ಬೆಲ್ಟಿಗೆ ಹತ್ತು ಸಲ ಎಳೆದು ಮುಂದುವರಿಸಿದರು.

“ಹಳೇದರ ಹಾಗೆ ಇಲ್ಲ,” ಎಂದರು. ವಿಷ್ಣುಮೂರ್ತಿಯವರು ಬಗ್ಗಿ ಕತ್ತಿಯ ಬಾಯಿ ನೋಡಿದರು. “ಹಳೇದೂ ಮೊದಲ ವರ್ಷ ಹೀಗೇ ಇತ್ತು.”

ಒಳಗಿನಿಂದ ಪುರೋಹಿತರು ಏಳೂವರೆಗೆ ರಾಹುಕಾಲ ಹುಟ್ಟುತ್ತದೆ, ಸಂಕಲ್ಪ ಆಗಬೇಕು, ಬನ್ನಿ ಎಂದು ಕೂಗಿದರು. ರಾಮದಾಸರು ಕೆನ್ನೆ ಒರೆಸಿಕೊಂಡು, ಸ್ನಾನಕ್ಕೆ ಹೊರಟವರು, ಕತ್ತಿಯನ್ನು ಅಳಿಯನ ಕೈಗಿಟ್ಟರು. ಆಗಲೇ ವಿಷ್ಣುಮೂರ್ತಿಯವರಿಗೆ ಕನ್ನಡಿಯಲ್ಲಿ ತಮ್ಮ ಮುಖ ಕಂಡದ್ದು. ಬಲಕ್ಕೆ ನುಣ್ಣಗಿನ ಅಳಿಯ. ಎಡಕ್ಕೆ ಒಣಗುತ್ತಿರುವ ನೊರೆ.

“ಮಾವ, ಇನ್ನರ್ಧ?”

“ಬ್ರೇಕ್ ಟೆಸ್ಟ್ ಅಷ್ಟೇ ಸಾಕು. ಉಳಿದದ್ದು ನಿಮ್ಮ ಗಾಡಿ. ಊರಿಗೆ ಸೇರಿಸಿ.”

ಜನ್ಮದಲ್ಲಿ ಆ ಬಗೆಯ ಕತ್ತಿಯನ್ನು ಮುಖಕ್ಕೆ ಹಿಡಿದವರಲ್ಲ ಅವರು. ಒಳಗೆ ಸಂಕಲ್ಪವಾಯಿತು, ನೆಂಟರು ಬಂದರು, ಇಡ್ಲಿ ಬಡಿಸಿದರು, ಇಡ್ಲಿ ಮುಗಿಯಿತು. ಅಳಿಯ ಎಲ್ಲಿ ಎಂದು ಮೂರು ಜನ ಕೇಳಿದರು. ಮೊದಲ ಕುಟುಂಬದ ಫೋಟೊದಲ್ಲಿ ವಿಷ್ಣುಮೂರ್ತಿಯವರಿಲ್ಲ. ಅವರು ಹಿತ್ತಲಲ್ಲಿ ಕನ್ನಡಿಯ ಮುಂದೆ, ಉಸಿರು ಬಿಗಿಹಿಡಿದು, ಒಮ್ಮೆಗೆ ಒಂದು ಅಕ್ಕಿಕಾಳಿನಷ್ಟು ಜಾಗ ತೆಗೆಯುತ್ತಿದ್ದರು. ಐವತ್ತು ನಿಮಿಷ ಹಿಡಿಯಿತು. ಎರಡನೇ ಫೋಟೊದಲ್ಲಿ ಅವರು ಮಾವನ ಪಕ್ಕ ನಿಂತಿದ್ದಾರೆ. ಎಡಗೆನ್ನೆಯ ಮೇಲೆ ಹತ್ತಿಯ ಮೂರು ಚೂರು, ಮುಖದಲ್ಲಿ ಲಂಕೆ ಗೆದ್ದು ಬಂದವರ ಕಳೆ, ಮತ್ತು ಇಬ್ಬರ ಗಲ್ಲವೂ ನುಣ್ಣಗೆ. ಬಲಗಾಲು ಮಾತ್ರ ಸ್ವಲ್ಪ ಮಸುಕಾಗಿ ಬಂದಿದೆ. ಅದು ಆಗಲೇ ಅಲ್ಲಾಡಲು ಶುರುಮಾಡಿತ್ತು.